ಏಣಿಯಿಲ್ಲದ ಪಟ

ಕಾವೂರು, ಮಂಗಳೂರು
2 ಜುಲೈ 2025

ನಿರೀಕ್ಷಾ,

ನಾನು ಆಶಾಲತಾ ಶೆಡ್ತಿ. ದೇಜಕ್ಕ ಶೆಡ್ತಿಯ ಹಿರಿಯ ಮಗಳು. ಕಾವೂರಿನ ಈ ಮನೆಯ ಯಜಮಾನ್ತಿ. ಹಂಪನಕಟ್ಟೆಯಲ್ಲಿ ನನ್ನ ಅಮ್ಮನ ಹೆಸರಿನಲ್ಲಿ ನಡೆಯುವ ಮೀನೂಟದ ಹೋಟೆಲಿನ ಒಡತಿ. ನಿನ್ನ ಅಮ್ಮನನ್ನು ಹೆತ್ತವಳು. ಅವಳು ಗಂಡನ ಜೊತೆ ಮಸ್ಕತ್ತಿಗೆ ಹೋದ ಮೇಲೆ ನಿನ್ನನ್ನು ಸಾಕಿದವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಅಕ್ಷಿತನ ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ನೀನು ನಡೆದುಕೊಂಡದ್ದನ್ನು ನೋಡಿದರೆ, ಯಾರಾದರೂ ಬರೆದು ಕೈಗೆ ಕೊಡದೆ ನಿನಗೆ ನೆನಪಾಗುವ ಹಾಗೆ ಕಾಣುವುದಿಲ್ಲ.

ಹುಡುಗಿ ಮನ್ವಿತಾಳ ಅಪ್ಪ ಎಲೆಯ ಮುಂದೆ ಕೂತು, "ಅಂಜಲ್ ಅಂದ್ರೆ ಇದು ಮಾರಾಯ್ರೆ! ಟ್ರಾಲರ್ ಬಂದ್ ಇರುವ ಜೂನಿನಲ್ಲಿ ಇಂಥ ಅಂಜಲ್ ದೇಜಕ್ಕನ ಮನೆಯವರಿಗೆ ಮಾತ್ರ ಸಿಗ್ಲಿಕ್ಕೆ ಸಾಧ್ಯ" ಎಂದು ಹೊಗಳುತ್ತಿದ್ದರು. ಹೋಟೆಲು ನೋಡಿಕೊಳ್ಳುವ ನಿನ್ನ ಮಾವ ಚಿತ್ತರಂಜನ ತಾನೇ ನಿಂತು ಅವರ ಎಲೆಗೆ ಇನ್ನೆರಡು ತುಂಡು ಘೀರೋಸ್ಟ್ ಬಡಿಸುತ್ತಿದ್ದ. ಆಗ ನೀನು, ನೆಂಟರ ಮುಂದೆ, ಬಾಯಲ್ಲಿದ್ದ ತುತ್ತು ಇಳಿಯುವ ಮೊದಲೇ, "ಮಾವ, ಇದು ಅಂಜಲ್ ಅಲ್ಲ, ಬಾಸಾ" ಎಂದೆ.

ಬಾಸಾ! ಎಲ್ಲಿಯದೋ ಕೆರೆಯಲ್ಲಿ ಸಾಕಿ, ಚರ್ಮ ಮುಳ್ಳು ತೆಗೆದು, ಪೆಟ್ಟಿಗೆಯಲ್ಲಿ ಮಂಜುಗಡ್ಡೆಯಾಗಿ ಬರುವ ಮೀನು. ಸಮುದ್ರದ ಬದಿಯಲ್ಲಿ ಹುಟ್ಟಿದ ನನ್ನ ಮಗ, ತನ್ನ ಮಗ ಅಕ್ಷಿತನ ನಿಶ್ಚಿತಾರ್ಥಕ್ಕೆ ಕಡಲಿನ ದುಬಾರಿ ಅಂಜಲ್ ಎಂದು ಹೇಳಿ ಕೆರೆಯ ಮೀನು ಬಡಿಸಿದ ಎಂದು ನೀನು ಹೇಳಿದ ಹಾಗಾಯಿತು.

ಆ ತುಂಡುಗಳನ್ನು ನಾನು ಬಾಯಿಗೆ ಹಾಕಿಲ್ಲ, ಯಾವತ್ತೂ ಹಾಕುವುದೂ ಇಲ್ಲ. ಮುಳ್ಳು ತೆಗೆದ ಮೀನು ಹಲ್ಲು ಬಾರದ ಮಕ್ಕಳಿಗೆ ಮತ್ತು ಘಟ್ಟದ ಮೇಲಿನವರಿಗೆ. ಹುಡುಗಿಯ ಅಪ್ಪ ಹಲವು ವರ್ಷ ಬೆಂಗಳೂರಿನ ಬ್ಯಾಂಕಿನಲ್ಲಿದ್ದು ಮುಳ್ಳು ಬಿಡಿಸುವುದನ್ನೇ ಮರೆತವರು ಎಂದು ಅವರಿಗಾಗಿ ಹೋಟೆಲಿನಿಂದ ಮಾಡಿಸಿ ತಂದದ್ದು. ಅವರು ಹೊಗಳಿ ತಿಂದರು. ನೀನು ಪೂರ್ತಿ ತಿನ್ನಲಿಲ್ಲ, ಬಾಯಿ ಮುಚ್ಚಲೂ ಇಲ್ಲ.

ಪ್ರಯೋಗಶಾಲೆಯಲ್ಲಿ ಮೀನಿನ ಚೂರು ಕುಟ್ಟುವ ವಿದ್ಯೆ ಕಲಿತರೆ ಮನೆಯವರ ಮರ್ಯಾದೆ ಕುಟ್ಟುವ ಅಧಿಕಾರ ಬರುತ್ತದೆ ಎಂದು ನಿನಗೆ ಯಾರು ಹೇಳಿದರು? ನನಗೆ ಒಂದು, ಮನ್ವಿತಾಳ ಅಪ್ಪನಿಗೆ ಒಂದು, ನಿನ್ನ ಕೈಬರಹದಲ್ಲೇ ಕ್ಷಮಾಪಣೆ ಬರೆದು ಕಳಿಸು. ಅದು ಬರುವ ತನಕ ನಿನ್ನ ಕೋಣೆಗೆ ಬೀಗ. ಉಳ್ಳಾಲದಲ್ಲಿ ಆ ನಿನ್ನ ಗೆಳತಿ ಸಂಚಿತಾಳ ಬಾಡಿಗೆ ಕೋಣೆಯಲ್ಲೇ ಇರು. ಫೋನು ಮಾಡಬೇಡ. ಫೋನಿನಲ್ಲಿ ಆಡಿದ್ದನ್ನು ನಾಳೆ ಇಲ್ಲ ಎನ್ನಬಹುದು. ಕಾಗದದಲ್ಲಿ ಬರೆ.

ಆಶಾಲತಾ ಶೆಡ್ತಿ


ಉಳ್ಳಾಲ
14 ಜುಲೈ 2025

ಪೂಜ್ಯ ಅಜ್ಜಿಗೆ,

ನಮಸ್ಕಾರಗಳು. ಮೊಣಕಾಲು ನೋವಿಗೆ ಎಣ್ಣೆ ಹಚ್ಚಲು ಯಾರಾದರೂ ಇದ್ದಾರೆಂದು ನಂಬಿದ್ದೇನೆ.

ನೆಂಟರ ಮುಂದೆ ಹೇಳಿದ್ದು ತಪ್ಪು. ಮಾವನನ್ನು ಒಳಗೆ ಕರೆದು ಹೇಳಬೇಕಿತ್ತು. ಅಷ್ಟಕ್ಕೆ ಕ್ಷಮೆ ಕೇಳುತ್ತೇನೆ, ಅದನ್ನು ಮನ್ವಿತಾಳ ಅಪ್ಪನಿಗೂ ಬರೆಯುತ್ತೇನೆ. ಆದರೆ ಹೇಳಿದ ಮಾತು ಸುಳ್ಳು ಎಂದು ಬರೆಯಲಾರೆ. ಅದು ಸುಳ್ಳಲ್ಲ.

ಆ ದಿನ ನನ್ನ ಎಲೆಯ ತುಂಡನ್ನು ಕಟ್ಟಿ ತಂದು ಕಾಲೇಜಿನ ಫ್ರೀಜರಿನಲ್ಲಿ ಇಟ್ಟಿದ್ದೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟೇ ಅದು: ಹೋಟೆಲಿನವರು ಯಾವ ಹೆಸರಿನಲ್ಲಿ ಯಾವ ಮೀನು ಬಡಿಸುತ್ತಾರೆ ಎಂದು ಡಿಎನ್ಎ ನೋಡಿ ಹೇಳುವುದು. ಹೋಟೆಲುಗಳ ಹೆಸರು ಬರೆಯುವುದಿಲ್ಲ, ಗುರುತಿನ ಸಂಖ್ಯೆ ಮಾತ್ರ. ಹೇಗೆ ಮಾಡುವುದೆಂದು ಹೇಳುತ್ತೇನೆ. ನೀವು ಚೈನಾ ಗ್ರಾಸಿನ ಜೆಲ್ಲಿ ಮಾಡುತ್ತೀರಲ್ಲ, ಹಾಗೆಯೇ ಕಡಲಪಾಚಿಯ ಪುಡಿ ಕಾಯಿಸಿ ಒಂದು ತಟ್ಟೆ ಜೆಲ್ಲಿ ಹುಯ್ಯುತ್ತೇವೆ. ಅದರ ಒಂದು ಅಂಚಿನಲ್ಲಿ ಸಣ್ಣ ಸಣ್ಣ ಕುಳಿ ಇರುತ್ತವೆ. ನಾವು ಬಾವಿ ಎನ್ನುತ್ತೇವೆ. ಮೀನಿನಿಂದ ತೆಗೆದು ಬೆಳೆಸಿದ ಡಿಎನ್ಎ ತುಣುಕನ್ನು ಬಾವಿಗೆ ಹಾಕಿ ಕರೆಂಟ್ ಕೊಟ್ಟರೆ ಅದು ಜೆಲ್ಲಿಯ ಒಳಗೆ ಇನ್ನೊಂದು ತುದಿಗೆ ಓಡುತ್ತದೆ. ಬಲೆಯ ಕಣ್ಣಿನಲ್ಲಿ ಸಣ್ಣ ಮೀನು ನುಸುಳಿ ದೊಡ್ಡದು ಸಿಕ್ಕಿಬೀಳುವ ಹಾಗೆ, ಸಣ್ಣ ತುಣುಕು ದೂರ ಹೋಗುತ್ತದೆ, ಉದ್ದದ್ದು ಹಿಂದೆ ಉಳಿಯುತ್ತದೆ. ಬಣ್ಣ ಹಚ್ಚಿ ವಿಶೇಷ ಬೆಳಕಿನಲ್ಲಿ ನೋಡಿದರೆ ಗೆರೆಗಳಾಗಿ ಹೊಳೆಯುತ್ತದೆ. ನಾವು ಮಾಡುವ ಕ್ರಮದಲ್ಲಿ ಅಂಜಲಿನ ತುಣುಕು ಉದ್ದ, ಬಾಸಾದ್ದು ಗಿಡ್ಡ.

ಪಟ ಜೊತೆಗಿಟ್ಟಿದ್ದೇನೆ. ಆರನೆಯ ಸಾಲು ನಮ್ಮ ಮನೆಯ ಊಟದ್ದು. ಗೆರೆ ಕೆಳಗೆ ಉಂಟು.

ನಿಮ್ಮ ಪುಳ್ಳಿ,
ನಿರೀಕ್ಷಾ


ಕಾವೂರು
20 ಜುಲೈ 2025

ನಿರೀಕ್ಷಾ,

ನಿನ್ನ ಪಟ ಬಂತು. ಕಪ್ಪು ಕಾಗದದ ಮೇಲೆ ಎಂಟು ಬಿಳಿ ಗೀರು. ಕರೆಂಟು ಹೋದಾಗ ಬಾಗಿಲ ಸಂದಿಯಲ್ಲಿ ಬೀಳುವ ಬೆಳಕು ಇದಕ್ಕಿಂತ ಚೆನ್ನಾಗಿರುತ್ತದೆ. ಇದಕ್ಕಾಗಿ ಸರಕಾರ ಕಟ್ಟಡ ಕಟ್ಟಿಸಿ, ಫ್ಯಾನು ಹಾಕಿಸಿ, ನಿಮ್ಮನ್ನು ಕೂರಿಸಿದೆ.

ನಾನು ಎಸ್ಸೆಸ್ಸೆಲ್ಸಿ ಓದಿದವಳು, ಹೆಚ್ಚಿಗೆ ಓದಿಲ್ಲ. ಆದರೆ ಪಟ ನೋಡಲು ಬರುತ್ತದೆ. ಮನ್ವಿತಾಳ ಸಂಬಂಧ ಬಂದಾಗ ಮೊದಲು ಒಂದು ಪಟವೇ ಬಂದದ್ದು. ಅಮ್ಮ, ಅಕ್ಕ, ಅತ್ತೆ ಎಲ್ಲರ ಜೊತೆ ಸಾಲಾಗಿ ನಿಂತದ್ದು. ಅದರಲ್ಲಿ ಹುಡುಗಿ ಎತ್ತರವೇ. ಅವಳು ಮನೆಗೆ ಬಂದ ದಿನ ನೋಡಿದರೆ ಅಕ್ಷಿತನ ಭುಜಕ್ಕೂ ಬರುವುದಿಲ್ಲ. ಆಮೇಲೆ ತಿಳಿಯಿತು, ಫೊಟೋದವನು ಅವಳನ್ನು ಮಣೆಯ ಮೇಲೆ ನಿಲ್ಲಿಸಿ, ಮಣೆ ಕಾಣದ ಹಾಗೆ ಸೀರೆಯ ನೆರಿಗೆ ಬಿಟ್ಟಿದ್ದ. ಸಾಲಿನಲ್ಲಿ ನಾವು ಕಂಡವರು ಒಬ್ಬರಾದರೂ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಇರಲಿಲ್ಲ. ಎಲ್ಲರೂ ಅಪರಿಚಿತರು.

ನಿನ್ನ ಪಟದಲ್ಲಿಯೂ ಹಾಗೆಯೇ. ಎಂಟು ಗೀರು, ಎಂಟೂ ಅಪರಿಚಿತ. ಆರನೆಯದು ಗಿಡ್ಡ ಎನ್ನುತ್ತೀ. ಯಾರಿಗಿಂತ ಗಿಡ್ಡ? ಐದನೆಯದಕ್ಕಿಂತ ತುಸು ಕೆಳಗಿದೆ, ಹೌದು. ಐದನೆಯದರ ಕಾಲಡಿಯಲ್ಲಿ ಮಣೆ ಇಲ್ಲ ಎಂದು ನಾನು ಹೇಗೆ ನಂಬಲಿ? ಇದನ್ನು ತೋರಿಸಿ ನಿನ್ನ ಮಾವನನ್ನು ಕಳ್ಳ ಎನ್ನಲು ನಾಚಿಕೆಯಾಗಲಿಲ್ಲವಾ?

ಚಿತ್ತರಂಜನನಿಗೆ ಪಟ ತೋರಿಸಿದೆ. "ಎಂತದಮ್ಮ ಇದು, ಎಕ್ಸ್‌ರೇಯಾ? ಯಾರ ಎಲುಬು ಮುರಿದದ್ದು?" ಎಂದು ನಕ್ಕ. ನಾನೂ ನಕ್ಕೆ. ಈಚೆಗೆ ಈ ಮನೆಯಲ್ಲಿ ನಗುವಂಥದ್ದು ಬೇರೆ ಏನೂ ನಡೆದಿಲ್ಲ.

ಅರ್ಧ ಕ್ಷಮೆ ನನಗೆ ಬೇಡ. ಪೂರ್ತಿ ಬರೆ.

ಆಶಾಲತಾ ಶೆಡ್ತಿ


ಉಳ್ಳಾಲ
3 ಆಗಸ್ಟ್ 2025

ಪೂಜ್ಯ ಅಜ್ಜಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಅದೇ ಪಟವನ್ನು ನಮ್ಮ ಗೈಡ್ ಗೆರ್ಟ್ರೂಡ್ ಮೇಡಂ ಅವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದರ ಅರ್ಥ ನಮಗೆಲ್ಲ ಗೊತ್ತು.

"ಲ್ಯಾಡರ್ ಎಲ್ಲಿ?" ಎಂದರು.

"ಜಾಗ ಸಾಕಾಗಲಿಲ್ಲ ಮೇಡಂ. ಎಂಟು ಬಾವಿ, ಎಂಟು ಸ್ಯಾಂಪಲ್."

"ಹಾಗಾದ್ರೆ ಇದನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗು ಹಾಕು. ಚಂದ ಉಂಟು. ಬೇರೆ ಯಾವುದಕ್ಕೂ ಆಗುವುದಿಲ್ಲ."

ಲ್ಯಾಡರ್ ಎಂದರೆ ಏಣಿ. ಮಾರ್ಕರ್ ಎಂದೂ ಹೇಳುತ್ತೇವೆ. ಉದ್ದ ಎಷ್ಟೆಂದು ಮೊದಲೇ ಗೊತ್ತಿರುವ ಡಿಎನ್ಎ ತುಣುಕುಗಳನ್ನೆಲ್ಲ ಬೆರೆಸಿದ ದ್ರವ ಅದು. ನೂರು, ಇನ್ನೂರು, ಮುನ್ನೂರು ಎಂದು ಸಾವಿರದ ತನಕ. ಒಂದು ಬಾವಿಗೆ ಅದನ್ನು ಹಾಕಿದರೆ ಜೆಲ್ಲಿಯಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿ ನಿಲ್ಲುತ್ತದೆ. ಉಳಿದ ಗೆರೆಗಳನ್ನು ಅದರ ಪಕ್ಕಕ್ಕಿಟ್ಟೇ ಅಳೆಯಬೇಕು. ಅದಿಲ್ಲದಿದ್ದರೆ ಯಾವುದು ಉದ್ದ ಯಾವುದು ಗಿಡ್ಡ ಎಂದು ಹೇಳುವುದು ಬರೀ ಬಾಯಿಮಾತು. ಹೆಚ್ಚು ಹೋಟೆಲು ಸೇರಿಸುವ ಆಸೆಯಲ್ಲಿ ನಾನು ಅದನ್ನೇ ಬಿಟ್ಟಿದ್ದೆ. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು.

ಆದ್ದರಿಂದ ಆ ಪಟವನ್ನು ವಾಪಸು ತೆಗೆದುಕೊಳ್ಳುತ್ತೇನೆ. ಹೇಳಿದ ಮಾತನ್ನು ತೆಗೆದುಕೊಳ್ಳುವುದಿಲ್ಲ. ಊಟದ ತುಂಡು ಮುಗಿದಿದೆ. ನೀವು ಬೇರೆ ಕಳಿಸಿದರೆ ಸರಿಯಾಗಿ ಮಾಡಿ ತೋರಿಸುತ್ತೇನೆ. ಏಣಿ ಯಾವ ಮೀನೂ ಅಲ್ಲ ಅಜ್ಜಿ, ಅದಕ್ಕೆ ನಮ್ಮ ಮನೆಯಲ್ಲಿ ಯಾರ ಪಕ್ಷವೂ ಇಲ್ಲ. ನಾನು ಹೇಳಿದ್ದು ತಪ್ಪೆಂದು ಬಂದರೆ ನೀವು ಕೇಳಿದ ಹಾಗೆ ಪೂರ್ತಿ ಕ್ಷಮೆ ಬರೆಯುತ್ತೇನೆ.

ನಿಮ್ಮ ಪುಳ್ಳಿ,
ನಿರೀಕ್ಷಾ


ಕಾವೂರು
25 ಆಗಸ್ಟ್ 2025

ನಿರೀಕ್ಷಾ,

ಸಾಕ್ಷಿ ಇಲ್ಲದೆ ಆಪಾದನೆ ಹೊರಿಸಿ, ಈಗ ಸಾಕ್ಷಿ ನಾನೇ ಕಳಿಸಬೇಕಂತೆ. ಇಂಥ ನ್ಯಾಯ ಯಾವ ಪಂಚಾಯಿತಿಯಲ್ಲಿಯೂ ನಾನು ಕೇಳಿಲ್ಲ. ಆದರೂ ಕಳಿಸಿದ್ದೇನೆ. ನಿನ್ನ ಬಾಯಿ ಮುಚ್ಚಿಸಲು ಬೇರೆ ದಾರಿ ಇಲ್ಲ.

ಬೋಟುಗಳು ಈಗ ಕಡಲಿಗೆ ಇಳಿದಿವೆ. ಬೆಳಗ್ಗೆ ನಾನೇ ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಗೆ ಹೋದೆ. ಆ ಕೆಸರು, ಆ ಕೂಗಾಟ, ಮೀನುಬುಟ್ಟಿಗೆ ಕಾಲು ತಾಗಿಸಿಕೊಂಡು ಫೋನಿನಲ್ಲಿ ಮಾತಾಡುವ ಗಂಡಸರು. ನಮ್ಮ ಹೋಟೆಲಿಗೆ ಮೊದಲಿನಿಂದ ಮೀನು ಕೊಡುವ ಗುಣವತಿ ನನ್ನನ್ನು ಕಂಡು ಎದ್ದು ನಿಂತಳು.

"ಎಂತ ಅಕ್ಕ, ನೀವೇ ಬಂದ್ರಾ! ಹೋಟೆಲಿನವರು ನನ್ನ ಹತ್ರ ದೊಡ್ಡ ಅಂಜಲ್ ಕೇಳದೆ ಎಷ್ಟು ಕಾಲ ಆಯ್ತು! ಬೇರೆಯವರಲ್ಲಿ ತಗೊಳ್ತಾರಾ?"

"ನಿನ್ನ ಮೀನು ಹಳತು ಇರ್ಬೇಕು" ಎಂದೆ.

"ಹಳತು ನಾನು ಅಕ್ಕ, ಮೀನಲ್ಲ. ಕಿವಿರು ನೋಡಿ, ಮತ್ತೆ ಮಾತಾಡಿ."

ಕಿವಿರು ಎತ್ತಿ ನೋಡಿದೆ. ಕೆಂಪಿತ್ತು. ಒಂದು ದೊಡ್ಡ ಅಂಜಲ್ ತಂದೆ. ಮಾರುವವರು ಗಿರಾಕಿ ತಪ್ಪಿದಾಗ ಹೀಗೆಲ್ಲ ಹೇಳುವುದುಂಟು. ಅವಳ ಮಾತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಅಲ್ಲಿಂದ ಹಂಪನಕಟ್ಟೆಗೆ. ಚಿತ್ತರಂಜನ ಇಲ್ಲದ ಹೊತ್ತು ನೋಡಿ ಹೋದೆ. ಒಳಗೆ ಹೋಗಲಿಲ್ಲ, ಗಿರಾಕಿಯ ಹಾಗೆ ಬಾಗಿಲ ಬದಿಯ ಮೇಜಿನಲ್ಲಿ ಕೂತು, ಅಂಜಲ್ ಬೋನ್‌ಲೆಸ್ ಘೀರೋಸ್ಟ್ ತಾ ಎಂದೆ. ಬಡಿಸುವವನ ಮುಖ ನೋಡಬೇಕಿತ್ತು. "ಅಮ್ಮ, ನೀವು ಬೋನ್‌ಲೆಸ್ ತಿನ್ನುವುದಾ?" ಎಂದು ಕೇಳಿದ. ತಿನ್ನುವುದಲ್ಲ, ಕಟ್ಟಿ ಕೊಡು ಎಂದೆ.

ಮೂರು ಸ್ಟೀಲಿನ ಡಬ್ಬಿ ಕಳಿಸಿದ್ದೇನೆ. ಮುಚ್ಚಳದ ಮೇಲೆ ಒಂದು, ಎರಡು, ಮೂರು ಎಂದು ಬರೆದಿದೆ. ಧಕ್ಕೆಯ ಮೀನಿಗೂ ನಾನು ಮುಳ್ಳು ತೆಗೆದು, ಹೋಟೆಲಿನಂಥದೇ ಮಸಾಲೆ ಹಾಕಿ ಹುರಿದಿದ್ದೇನೆ. ಕಣ್ಣಿನಲ್ಲಿ ನೋಡಿ, ಮೂಗಿನಲ್ಲಿ ಮೂಸಿ ನಿನಗೆ ಗೊತ್ತಾಗಬಾರದು. ಯಾವುದರಲ್ಲಿ ಯಾವುದು ಎಂದು ಹೇಳುವುದಿಲ್ಲ. ನಿನ್ನ ಜೆಲ್ಲಿ ಹೇಳಲಿ.

ಡಬ್ಬಿಗಳನ್ನು ತೊಳೆದು ವಾಪಸು ಕಳಿಸು. ಅವು ನನ್ನ ಅಮ್ಮನವು.

ಆಶಾಲತಾ ಶೆಡ್ತಿ


ಉಳ್ಳಾಲ
12 ಸೆಪ್ಟೆಂಬರ್ 2025

ಪೂಜ್ಯ ಅಜ್ಜಿಗೆ,

ಡಬ್ಬಿಗಳನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಿ ಕಳಿಸಿದ್ದೇನೆ.

ಹೊಸ ಪಟ ಜೊತೆಗಿದೆ. ಈ ಸಲ ಮೊದಲನೆಯ ಬಾವಿಗೂ ಕೊನೆಯ ಬಾವಿಗೂ ಏಣಿ ಹಾಕಿದ್ದೇನೆ. ಜೆಲ್ಲಿ ಒಂದು ಬದಿಗೆ ವಾಲಿ ಓಡಿದ್ದರೆ ಎರಡು ಏಣಿಯ ಮೆಟ್ಟಿಲು ಒಂದೇ ಮಟ್ಟದಲ್ಲಿ ಬರುವುದಿಲ್ಲ, ಮೋಸ ಅಲ್ಲಿಯೇ ಕಾಣುತ್ತದೆ. ನೀವೇ ಒಂದು ಸ್ಕೇಲು ಅಡ್ಡ ಇಟ್ಟು ನೋಡಿ. ಐನೂರರ ಮೆಟ್ಟಿಲು ಉಳಿದದ್ದಕ್ಕಿಂತ ದಪ್ಪಗೆ ಹೊಳೆಯುತ್ತದೆ. ಲೆಕ್ಕ ತಪ್ಪದಿರಲೆಂದೇ ಹಾಗೆ ಮಾಡಿರುತ್ತಾರೆ. ಅಲ್ಲಿಂದ ಕೆಳಗೆ ಎಣಿಸುತ್ತ ಬನ್ನಿ.

ಏಣಿ ಉದ್ದ ಮಾತ್ರ ಹೇಳುತ್ತದೆ, ಮೀನಿನ ಹೆಸರು ಹೇಳುವುದಿಲ್ಲ. ಆದ್ದರಿಂದ ಎರಡನೆಯ ಸಾಲಿನಲ್ಲಿ ಗೆರ್ಟ್ರೂಡ್ ಮೇಡಂ ತಾವೇ ನೋಡಿ ಗುರುತಿಸಿಟ್ಟ ಅಂಜಲ್, ಮೂರನೆಯದರಲ್ಲಿ ಅವರೇ ಗುರುತಿಸಿದ ಬಾಸಾ. ನೀವು ಹೇಳಿದ ಹಾಗೆ, ಸಾಲಿನಲ್ಲಿ ನಾವು ಕಂಡವರು. ಅಂಜಲಿನ ಗೆರೆ ನಾನೂರಕ್ಕೂ ಐನೂರಕ್ಕೂ ನಡುವೆ, ಬಾಸಾದ್ದು ಇನ್ನೂರಕ್ಕೂ ಮುನ್ನೂರಕ್ಕೂ ನಡುವೆ. ನಾಲ್ಕು, ಐದು, ಆರನೆಯ ಸಾಲು ನಿಮ್ಮ ಡಬ್ಬಿಗಳು. ಏಳನೆಯದಕ್ಕೆ ಬರೀ ನೀರು; ನಮ್ಮ ಕೈಯಿಂದ ಏನೂ ಬೆರೆತಿಲ್ಲವೆಂದು ನೋಡಲು. ಅದು ಖಾಲಿ ಬಂದಿದೆ.

ಒಂದನೆಯ ಡಬ್ಬಿ ಅಂಜಲ್. ಮೂರನೆಯ ಡಬ್ಬಿ ಅಂಜಲ್.

ಎರಡನೆಯದು ಬಾಸಾ.

ಎರಡು ಸಲ ಮಾಡಿದೆ. ಎರಡು ಸಲವೂ ಹಾಗೆಯೇ ಬಂತು. ಎರಡನೆಯ ಡಬ್ಬಿಯಲ್ಲಿ ನೀವು ಏನು ಇಟ್ಟಿರಿ ಎಂದು ನಾನು ಕೇಳುವುದಿಲ್ಲ. ಮಾವನಿಗೂ ಹೇಳಿಲ್ಲ.

ಅಜ್ಜಿ, ಇದನ್ನು ಬರೆಯುವಾಗ ನನಗೆ ಖುಷಿಯಾಗಲಿಲ್ಲ. ಅದನ್ನು ನೀವು ನಂಬಿದರೆ ಸಾಕು.

ನಿಮ್ಮ ಪುಳ್ಳಿ,
ನಿರೀಕ್ಷಾ


ಕಾವೂರು
30 ಅಕ್ಟೋಬರ್ 2025

ನಿರೀಕ್ಷಾ,

ತಡವಾಗಿ ಬರೆಯುತ್ತಿದ್ದೇನೆ. ಕೆಲಸವಿತ್ತು.

ಒಂದು ಮತ್ತು ಮೂರನೆಯ ಡಬ್ಬಿಯಲ್ಲಿದ್ದದ್ದು ಧಕ್ಕೆಯಿಂದ ತಂದ ಒಂದೇ ಮೀನು. ತಲೆಯ ಬದಿಯದು ಒಂದರಲ್ಲಿ, ಬಾಲದ ಬದಿಯದು ಇನ್ನೊಂದರಲ್ಲಿ. ನೀನು ಸುಳ್ಳು ಹೇಳುವವಳಾದರೆ ಎರಡಕ್ಕೂ ಬೇರೆ ಬೇರೆ ಹೆಸರು ಹೇಳಿ ಸಿಕ್ಕಿಬೀಳುತ್ತೀ ಎಂದು ಹಾಗೆ ಮಾಡಿದ್ದು. ಬೀಳಲಿಲ್ಲ. ಎರಡನೆಯದು ಹೋಟೆಲಿನದ್ದು.

ಸ್ಕೇಲು ಇಟ್ಟು ನೋಡಿದೆ. ಎರಡು ಏಣಿಯೂ ಒಂದೇ ಮಟ್ಟದಲ್ಲಿವೆ.

ಚಿತ್ತರಂಜನನನ್ನು ಕೂರಿಸಿ ಕೇಳಿದೆ. ಮೊದಲು ನಿನ್ನನ್ನು ಬೈದ. ಆಮೇಲೆ ಸಪ್ಲೈಯರ್ ಎಂದ. ಆಮೇಲೆ ಟ್ರಾಲರ್ ನಿಷೇಧದ ತಿಂಗಳು ಎಂದ. ಆಗಸ್ಟಿನಲ್ಲಿ ಯಾವ ನಿಷೇಧ ಎಂದು ಕೇಳಿದೆ. ಆಗ ಅವನಿಗೆ ಸಿಟ್ಟು ಬಂತು.

"ಬೋನ್‌ಲೆಸ್‌ಗೆ ಮಾತ್ರ ಅಮ್ಮ. ಉಳಿದದ್ದೆಲ್ಲ ಸರಿ ಉಂಟು. ಬೋನ್‌ಲೆಸ್ ಕೇಳುವವರಿಗೆ ಎಂತ ಗೊತ್ತಾಗ್ತದೆ? ಮುಳ್ಳು ತೆಗೆದ ಮೀನು ತಿನ್ನುವವರಿಗೆ ಮಣ್ಣು ಹುರಿದು ಕೊಟ್ಟರೂ ತಿಂತಾರೆ ಅಂತ ನೀವೇ ಅಲ್ವಾ ಹೇಳುವುದು? ನಾನು ಸಣ್ಣವನಿದ್ದಾಗಿನಿಂದ ಕೇಳ್ತಾ ಬಂದಿದ್ದೇನೆ."

ನಾನು ಎದ್ದು ಒಳಗೆ ಹೋದೆ.

ಮರುದಿನ ಅಡುಗೆಯವಳಿಗೆ ಹೇಳಿ ಹೋಟೆಲಿನಿಂದ ಒಂದು ತಟ್ಟೆ ಬೋನ್‌ಲೆಸ್ ತರಿಸಿದೆ. ತಿಂದೆ. ಹತ್ತಿಯ ಹಾಗಿತ್ತು. ಎರಡನೆಯ ತುತ್ತಿಗೆ ಗೊತ್ತಾಗುವಂಥದ್ದು. ಏಣಿ ಬೇಕಿರಲಿಲ್ಲ, ಬಾಯಿ ತೆರೆದಿದ್ದರೆ ಸಾಕಿತ್ತು.

ಮತ್ತೆ ನಾನು ಒಬ್ಬಳೇ ಕಾರು ಮಾಡಿಸಿಕೊಂಡು ಸುರತ್ಕಲ್ಲಿಗೆ, ಮನ್ವಿತಾಳ ಮನೆಗೆ ಹೋದೆ. ಬಾಯಾರಿಕೆಗೆ ಶರಬತ್ತು ಕೊಟ್ಟರು, ಕುಡಿಯಲಿಲ್ಲ. "ನನ್ನ ಮನೆಯಲ್ಲಿ ನೀವು ತಿಂದದ್ದು ಅಂಜಲ್ ಅಲ್ಲ. ಕೆರೆಯಲ್ಲಿ ಸಾಕಿದ ಮೀನು. ನನ್ನ ಪುಳ್ಳಿ ಹೇಳಿದ್ದು ಸರಿ. ಸಂಬಂಧ ಬೇಡವಾದರೆ ಈಗಲೇ ಹೇಳಿ" ಎಂದೆ. ಇಂಥ ಮಾತನ್ನು ನಾನು ಯಾರ ಚಾವಡಿಯಲ್ಲಿಯೂ ನಿಂತು ಆಡಿದವಳಲ್ಲ.

ಹುಡುಗಿಯ ಅಪ್ಪ, "ಅಯ್ಯೋ ಅಕ್ಕ, ಅದಕ್ಕೆಲ್ಲ ಯಾಕೆ ಬರ್ಲಿಕ್ಕೆ ಹೋದ್ರಿ? ಮೀನು ಭಾರೀ ಲಾಯ್ಕಿತ್ತು" ಎಂದರು. ಭಾರೀ ಲಾಯ್ಕಿತ್ತಂತೆ. ಅವರ ನಾಲಿಗೆಯನ್ನು ಬೆಂಗಳೂರಿನ ಬ್ಯಾಂಕಿನಲ್ಲೇ ಅಡವಿಟ್ಟು ಬಂದಿದ್ದಾರೆ. ಆದರೆ ಮನ್ವಿತಾ ಗೇಟಿನ ತನಕ ಬಂದು, "ಅಜ್ಜಿ, ನನಗೂ ಗೊತ್ತಾಗಿತ್ತು. ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ನಿರೀಕ್ಷಾ ಹೇಳಿದ್ಲು" ಎಂದಳು. ಬರಿಗಾಲಿನಲ್ಲಿ ನಿಂತಿದ್ದಳು. ಮಣೆ ಇಲ್ಲದೆ ನೋಡಿದೆ. ಅಷ್ಟೇನೂ ಕುಳ್ಳಿಯಲ್ಲ. ಮದುವೆ ಡಿಸೆಂಬರಿನಲ್ಲಿ.

ಇನ್ನು ಹೋಟೆಲಿನ ವಿಷಯ. ಸೋಮವಾರ ಮಧ್ಯಾಹ್ನ, ಜನ ಕೈ ತೊಳೆದು ಊಟಕ್ಕೆ ಕೂತ ಹೊತ್ತಿಗೆ, ನಾನು ಹಂಪನಕಟ್ಟೆಗೆ ಹೋಗಿ ಏಣಿ ತರಿಸಿದೆ. ನಿನ್ನಂಥದ್ದಲ್ಲ, ಮರದ್ದು. ಇಬ್ಬರನ್ನು ಹತ್ತಿಸಿ ಅಮ್ಮನ ಹೆಸರಿನ ಬೋರ್ಡನ್ನು ಇಳಿಸಿದೆ. ಚಿತ್ತರಂಜನ ಗಲ್ಲಾ ಬಿಟ್ಟು ಓಡಿ ಬಂದು, "ಅಮ್ಮ, ಜನ ನೋಡ್ತಿದ್ದಾರೆ" ಎಂದ. "ನೋಡ್ಲಿ, ಅದಕ್ಕೇ ಈ ಹೊತ್ತಿಗೆ ಬಂದದ್ದು" ಎಂದೆ. ಅಡುಗೆಮನೆ ಅವನಿಗೇ ಇರಲಿ, ಮೇಜು ಕುರ್ಚಿಯೂ ಅವನಿಗೇ ಇರಲಿ. ಯಾವ ಮೀನು ಬೇಕಾದರೂ ತನ್ನ ಹೆಸರು ಹಾಕಿ ಮಾರಲಿ. ದೇಜಕ್ಕನ ಹೆಸರು ನಮ್ಮ ಮನೆಯಲ್ಲಿ ಹೆಣ್ಣಿನಿಂದ ಹೆಣ್ಣಿಗೆ ಬಂದದ್ದು. ಅದು ಅವನದ್ದಲ್ಲ.

ನೀನು ಇನ್ನು ಕ್ಷಮಾಪಣೆ ಬರೆಯಬೇಕಾಗಿಲ್ಲ. ಪಂಕ್ತಿಯಲ್ಲಿ ಹಾಗೆ ಕೂಗಿದ್ದು ತಪ್ಪೇ, ಅದು ತಪ್ಪಾಗಿಯೇ ಇರಲಿ. ಹಾಗೆಯೇ, ಎಂಟು ಬಾವಿಗೂ ಮೀನು ತುಂಬಿ ಏಣಿಗೆ ಜಾಗ ಬಿಡದ ಹುಡುಗಿಗೆ ನಿನ್ನ ಮೇಡಂ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕಿತ್ತು.

ಬೋರ್ಡನ್ನು ಎಲ್ಲಿಡುವುದೆಂದು ಯೋಚಿಸಿದೆ. ಚಾವಡಿಯಲ್ಲಿ ಇಡುವಷ್ಟು ಸಣ್ಣದಲ್ಲ. ನಿನ್ನ ಕೋಣೆಯ ಬೀಗ ತೆಗೆಸಿ, ಮಂಚದ ಬದಿಯ ಗೋಡೆಗೆ ಒರಗಿಸಿಟ್ಟಿದ್ದೇನೆ. ನಡೆಯುವ ಜಾಗ ಇಕ್ಕಟ್ಟಾಗಿದೆ. ಬಂದಾಗ ಕಾಲು ತಾಗಿಸಬೇಡ.

ಆಶಾಲತಾ ಶೆಡ್ತಿ